ಇಲಿ ಹೊಳೆಯೂರಿನ ನವಿಲು

ಜುಲೈ 14, 2024, ಭಾನುವಾರ. ಬ್ರಾಂಡನ್, ಮ್ಯಾನಿಟೋಬಾ.

ರಾತ್ರಿ ಒಂಬತ್ತೂವರೆ, ಹೊರಗೆ ಇನ್ನೂ ಬೆಳಕುಂಟು. ಸೊಳ್ಳೆ ಕಚ್ಚಿದ ಕಾಲು ಕೆರೆದೂ ಕೆರೆದೂ ಉರಿಯುತ್ತಿದೆ.

ಸೂರಿಸ್ ಅನ್ನುವ ಊರಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ಕನೋಲಾ (ಸಾಸಿವೆ ಜಾತಿಯ ಎಣ್ಣೆಬೆಳೆ) ಹೂವಿನ ಹಳದಿ, ಬೇರೇನಿಲ್ಲ. ಇವರಿಗೆ ಅಗೇಟ್ ಕಲ್ಲು ಹೆಕ್ಕುವ ಹುಚ್ಚು. ಮಕ್ಕಳನ್ನು ಕರೆದುಕೊಂಡು ಆ ಕಲ್ಲು ಸಿಗುವ ಗುಂಡಿಗೆ ಹೋದರು. ನಾನೊಬ್ಬಳೇ ತೂಗುಸೇತುವೆ ಹತ್ತಿದೆ.

184 ಮೀಟರ್ ಉದ್ದ. ನಡುವಿಗೆ ಬರುವಾಗ ಎದುರಿಂದ ಹುಡುಗರ ದಂಡೊಂದು ಧಡಧಡ ಓಡಿ ಬಂತು. ಕೇಬಲ್ ಅಪ್ಪಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹಣ್ಣು ಹಣ್ಣು ಅಜ್ಜಿ ನಕ್ಕಳು. "ಇದೂ ಒಂದು ತೂಗಾಟವಾ! ಹಳೇದರಲ್ಲಿ ನೀನು ಕೂತೇಬಿಡ್ತಿದ್ದೆ."

ಹಳೇದು ಅಂದರೆ ಯಾವುದೆಂದು ಕೇಳಬೇಕಾಯಿತು. ಊರು ಕಟ್ಟಿದ ಸೌಡನ್ ಸಾಹೇಬ 1904ರಲ್ಲಿ ಹಾಕಿಸಿದ್ದು ಒಂದು. ಹೊಳೆಯಾಚೆ ಅವನ ಜಾಗವಿತ್ತು, ದಾಟುವ ದಾರಿ ಇಲ್ಲದೆ ಯಾರು ಕೊಳ್ಳುತ್ತಾರೆ? (ಸೈಟು ವ್ಯಾಪಾರ ಅಂದೂ ಇಷ್ಟೇ!) ಅದನ್ನು 1976ರ ನೆರೆ ಕೊಂಡೊಯ್ದಿತು. ಮತ್ತೆ ಕಟ್ಟಿದರು. 2011ರಲ್ಲಿ ಅದನ್ನು ಊರವರೇ ಕತ್ತರಿಸಿದರಂತೆ. ಏರಿದ ನೀರಿಗೆ ಸೇತುವೆ ಸಿಕ್ಕಿ ಎಳೆದರೆ ಅದರ ಕಂಬದ ಜೊತೆ ಮಣ್ಣಿನ ಒಡ್ಡೂ ಕಿತ್ತು ಬರುವ ಭಯ. ಒಡ್ಡು ಹೋದರೆ ಊರೇ ಇಲ್ಲ. ಈಗಿನದು 2013ರದ್ದು.

"ಕತ್ತರಿಸೋದನ್ನ ನೋಡೋಕೆ ಹೋಗಿದ್ರಾ?" ಅಂದೆ.

"ಇಲ್ಲ, ಮನೇಲಿ ಪಾತ್ರೆ ತೊಳೀತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ."

ಅಷ್ಟು ಹೇಳಿ ಅಜ್ಜಿ ಸರಸರ ನಡೆದುಬಿಟ್ಟಳು. ಹೆಸರೂ ಕೇಳಲಿಲ್ಲ ನಾನು.

ಸೂರಿಸ್ ಅಂದರೆ ಫ್ರೆಂಚಿನಲ್ಲಿ ಇಲಿ. ಹೊಳೆಗೂ ಅದೇ ಹೆಸರು. ಸಸ್ಕಾಚೆವಾನ್‌ನಲ್ಲಿ ಹುಟ್ಟಿ, ಅಮೆರಿಕದ ನಾರ್ತ್ ಡಕೋಟಾಕ್ಕೆ ನುಗ್ಗಿ, ವಾಪಸು ಕೆನಡಾಕ್ಕೇ ಬರುವ ಹೊಳೆ. ನನ್ನ ವೀಸಾ ಫೈಲು ನೆನಪಾಗಿ ಹೊಟ್ಟೆ ಉರಿಯಿತು.

ಅಲ್ಲಿನ ವಿಕ್ಟೋರಿಯಾ ಪಾರ್ಕಿನಲ್ಲಿ ನವಿಲು! ನಿಜವಾದ ನವಿಲು, ಈ ಹಿಮದ ಸೀಮೆಯಲ್ಲಿ. ಒಂದು ನನ್ನ ಕೈಯ ಚಿಪ್ಸ್ ಪೊಟ್ಟಣವನ್ನೇ ಓರೆಗಣ್ಣಲ್ಲಿ ನೋಡುತ್ತಾ ನಿಂತಿತ್ತು. ಕೂಗಿದಾಗ ಸುಳ್ಯದ ಸಂಜೆಯೇ ಕಿವಿಯೊಳಗೆ.

ಮನೆಗೆ ಬಂದವಳೇ ಅಮ್ಮನಿಗೆ ಫೋನು. ಅಲ್ಲಿ ಬೆಳಗ್ಗೆ, ಕಾಪಿ ಹೊತ್ತು.

"ಇಲಿ ಹೊಳೇಲಿ ನವಿಲಾ? ಗಣಪನ ವಾಹನವೂ ಉಂಟು, ಸುಬ್ರಹ್ಮಣ್ಯನದ್ದೂ ಉಂಟು. ಮತ್ತೆ ನಿಂಗೆ ಅಲ್ಲಿ ದೇವರಿಲ್ಲ ಅಂತ ಯಾಕೆ ಬೇಜಾರು ಮಾರಾಯ್ತಿ?"

ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಸೇತುವೆಯ ಕತೆಯನ್ನೂ ಹೇಳಿದೆ. ಅಮ್ಮನ ಮಾತು ನಮ್ಮ ಸುಳ್ಯದ ಅರಂಬೂರಿಗೆ ಹೋಯಿತು: 1989ರಲ್ಲಿ ಗಿರೀಶ್ ಭಾರದ್ವಾಜರು ಪಯಸ್ವಿನಿಗೆ ಹಾಕಿದ ತೂಗುಸೇತುವೆಯಲ್ಲಿ ಮೊದಲ ಸಲ ಕಣ್ಣು ಮುಚ್ಚಿ ದಾಟಿದ್ದಳಂತೆ, ಸೊಂಟದಲ್ಲಿ ನಾನು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಆಮೇಲೆ ಸ್ವರ ತಗ್ಗಿಸಿ, "ನಿನ್ನೆ ರಾತ್ರಿ ಹೊಳೆ ನೀರು ತೋಟದ ಕೆಳಗಿನ ಮೆಟ್ಟಿಲಿಗೆ ಬಂದಿತ್ತು, ನಿಂಗೆ ಹೇಳಿದೆ ಅಂತ ಅಪ್ಪನಿಗೆ ಹೇಳ್ಬೇಡ" ಅಂದಳು. ಎಷ್ಟನೇ ಮೆಟ್ಟಿಲು ಅಂತ ಕೇಳುವಷ್ಟರಲ್ಲಿ ಲೈನು ಹೋಯಿತು. ಮೂರು ಸಲ ಮಾಡಿದೆ. ಕರೆಂಟು ಹೋಗಿರಬೇಕು. ಒಟ್ಟು ಹದಿನಾಲ್ಕು ಮೆಟ್ಟಿಲು, ಕೆಳಗಿನದು ಅಂದರೆ