ಹಣಗೆರೆಯ ಒಂದೇ ಸೂರು

ಈ ಸಲ ಅಮಾವಾಸ್ಯೆಗೆ ಅಮ್ಮನನ್ನು ಕರೆದುಕೊಂಡು ಹಣಗೆರೆಕಟ್ಟೆಗೆ ಹೋಗಿದ್ದೆ. ಆಯನೂರು ದಾಟಿ ತೀರ್ಥಹಳ್ಳಿ ಕಡೆಗೆ ಹೋಗುವ ಕಾಡಿನ ದಾರಿ. ಜನವೋ ಜನ.

ಇಲ್ಲಿ ಹಜರತ್ ಸೈಯದ್ ಸಾದತ್ ದರ್ಗಾ ಇದೆ. ಅದೇ ಸೂರಿನಡಿ ಭೂತರಾಯ, ಚೌಡೇಶ್ವರಿಯೂ ಇದ್ದಾರೆ. ಆಡಳಿತ ಮುಜರಾಯಿ ಇಲಾಖೆಯದು. ದರ್ಗಾ ಅಂದರೆ ಸಂತರ ಸಮಾಧಿ ಇರುವ ಜಾಗ, ಅಲ್ವಾ? ಆದರೆ ಸೂಫಿಗಳು ಸಂತರು ತೀರಿಕೊಂಡ ದಿನವನ್ನು ಬರೀ ಸಾವು ಅಂತ ನೋಡುವುದಿಲ್ಲ. ದೇವರನ್ನು ಸೇರಿದ ದಿನ ಅಂತ ಉರುಸ್ ಮಾಡುತ್ತಾರೆ. ಈ ನಂಬಿಕೆ ನನಗೆ ತುಂಬಾ ಹಿಡಿಸುತ್ತದೆ. ಅಪ್ಪ ಹೋದ ಮೇಲೆ ಇನ್ನೂ ಜಾಸ್ತಿ. ಅಮ್ಮ ಚೌಡೇಶ್ವರಿಗೆ ಕೈಮುಗಿದು, ದರ್ಗಾದ ಮುಂದೆಯೂ ಅಷ್ಟೇ ಹೊತ್ತು ನಿಂತರು. ಏನು ಬೇಡಿಕೊಂಡರೋ, ನಾನು ಕೇಳಲಿಲ್ಲ.

ನಮ್ಮ ಮಲೆನಾಡಿಗೆ ಸೂಫಿಗಳ ಈ ನಂಟು ಹೊಸದಲ್ಲ. 17ನೇ ಶತಮಾನದಲ್ಲಿ ಯೆಮೆನ್‌ನಿಂದ ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದವರು ಸೂಫಿ ಸಂತ ಬಾಬಾ ಬುಡನ್ ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ.

ಹಣಗೆರೆಗೆ ಹೋಗುವವರು ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಹೋಗಿ. ಸಾವಕಾಶವಾಗಿ ನಿಂತು ನೋಡಬಹುದು. ದಯವಿಟ್ಟು ಪ್ಲಾಸ್ಟಿಕ್ ಮಾತ್ರ ಅಲ್ಲಿ ಬಿಟ್ಟು ಬರಬೇಡಿ, ಸುತ್ತಲೂ ಕಾಡಿದೆ.