ಕುತ್ತಿಗೆಗೆ ಬೀಳಬೇಕಾದ ಏಟು

ಸುಳ್ಳು ಯಾಕೆ ಹೇಳಲಿ, ಮೊದಲ ಸಲ ನೋಡಿದಾಗ ನನಗೆ ಅದು ಕೋಲಾಟದ ಹಾಗೇ ಕಂಡಿತು. ಇಬ್ಬರು ಎದುರುಬದುರು ನಿಂತು ಮರದ ಕತ್ತಿಗಳನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ಹಿಂದೆ ಹೋಗುತ್ತಾರೆ, ಮುಂದೆ ಬರುತ್ತಾರೆ, ಮುಗಿಯುವ ಲಕ್ಷಣವೇ ಇಲ್ಲ.

ಜಪಾನಿನ ಚಿಬಾ ಪ್ರಾಂತ್ಯದ ಕತೋರಿ ದೇವಸ್ಥಾನ. ನಾನು ಕೆಲಸ ಮಾಡುವ ನರಿತಾದಿಂದ ದೂರವೇನಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರು ಬಹಳ ವರ್ಷಗಳಿಂದ ಕತೋರಿ ಶಿಂತೋ ರ್ಯೂ ಎಂಬ ಹಳೆಯ ಕತ್ತಿವರಸೆ ಅಭ್ಯಾಸ ಮಾಡುತ್ತಾರೆ. ರ್ಯೂ ಅಂದರೆ ನಮ್ಮ ಸಂಗೀತದ ಬಾನಿ ಇದ್ದ ಹಾಗೆ. ಪ್ರದರ್ಶನವಿದೆ ಬನ್ನಿ ಅಂತ ಅವರೇ ಕರೆದಿದ್ದರು.

ಈ ಬಾನಿ ಶುರು ಮಾಡಿದವನು ಈಜಾಸ ಇಯೆನಾವೊ. ಯುದ್ಧಗಳನ್ನೆಲ್ಲ ಕಂಡು, 60 ದಾಟಿದ ಮೇಲೆ, ಇದೇ ಗುಡಿಯಲ್ಲಿ ಸಾವಿರ ದಿನ ವ್ರತ ಹಿಡಿದನಂತೆ. ಫುತ್ಸುನುಶಿ ದೇವರು ಹುಡುಗನ ರೂಪದಲ್ಲಿ ಪ್ಲಮ್ ಮರದ ಮೇಲೆ ಕಾಣಿಸಿಕೊಂಡು ವಿದ್ಯೆ ಕೊಟ್ಟನಂತೆ. ಬಾನಿಯವರು ಹೇಳುವ ಪ್ರಕಾರ ಇದು ಶುರುವಾದದ್ದು 1447ರಲ್ಲಿ. ಮನುಷ್ಯ 102 ವರ್ಷ ಬದುಕಿದನಂತೆ! ದೇವರ ಕಥೆ ನಂಬಿ, ಬಿಡಿ. ವಿದ್ಯೆಯಂತೂ ಇಪ್ಪತ್ತು ತಲೆಮಾರು ಅದೇ ಮನೆತನದಲ್ಲಿ ಉಳಿದು ಬಂದಿದೆ.

ವಾಪಸ್ ಬರುವಾಗ ಮಳೆ ಹನಿಯುತ್ತಿತ್ತು. ಬಸ್ ಸ್ಟಾಪಿನಲ್ಲಿ ಫೋನ್ ತೆಗೆದು ಆ ಹಿರಿಯರಿಗೆ ಕೋಲಾಟದ ವಿಡಿಯೊ ತೋರಿಸಿಯೇಬಿಟ್ಟೆ. ಜೋರಾಗಿ ನಕ್ಕರು. ಆಮೇಲೆ ಕೊಡೆ ಮಡಚಿ, "ಹೊಡೀರಿ" ಅಂದರು. ನನ್ನ ಕೊಡೆಯನ್ನು ಮೆಲ್ಲಗೆ ಬೀಸಿದೆ. ಅವರ ಕೊಡೆಗೆ ಟಕ್ ಎಂದು ತಾಗಿತು. ಅವರು ತಮ್ಮ ಕೊಡೆಯನ್ನು ಕೆಳಗಿಳಿಸಿದರು. ನನ್ನದು ಅವರ ಕುತ್ತಿಗೆಯ ಪಕ್ಕದಲ್ಲೇ ನಿಂತಿತ್ತು.

ಅಂದರೆ ಏಟು ಬೀಳಬೇಕಾದದ್ದು ಮೈಗೆ. ಗೆಳೆಯನಿಗೆ ಪೆಟ್ಟಾಗಬಾರದಲ್ವಾ, ಅದಕ್ಕೇ ಅಲ್ಲಿ ಕತ್ತಿ ಅಡ್ಡ ಬರುತ್ತದೆ. ಇನ್ನೊಂದು ಕಿಲಾಡಿತನವೂ ಇದೆ: ದೂರ ನಿಂತು ಕದ್ದು ನೋಡುವವನಿಗೆ ನಿಜವಾದ ಗುರಿ ತಿಳಿಯುವುದಿಲ್ಲ. ನನ್ನಂಥವನಿಗೆ ಕೋಲಾಟ ಕಾಣಿಸುತ್ತದೆ.

ಎದುರಾಳಿ ಕವಚ ತೊಟ್ಟಿದ್ದಾನೆ ಎಂದುಕೊಂಡೇ ವರಸೆ ಕಟ್ಟಿದ್ದಾರೆ. ತಲೆಗೆ, ಎದೆಗೆ ಸುಮ್ನೆ ಹೊಡೆದು ಏನೂ ಪ್ರಯೋಜನವಿಲ್ಲ. ಕವಚ ಮುಚ್ಚದ ಜಾಗ ಬೇಕು: ಕುತ್ತಿಗೆಯ ಪಕ್ಕ, ಮಣಿಕಟ್ಟಿನ ಒಳಮೈ, ಕಂಕುಳು, ತೊಡೆಯ ಒಳಭಾಗ. ವರಸೆಗಳು ಅಷ್ಟುದ್ದ ಇರುವುದು ದಮ್ಮು ಬೆಳೆಯಲಿ ಅಂತ. ಗುರು ಅಥವಾ ಹಿರಿಯರು ಸೋಲುವ ಪಾತ್ರ ಹಿಡಿದು, ಕಲಿಯುವವನಿಗೆ ದಾರಿ ಬಿಟ್ಟುಕೊಡುತ್ತಾರೆ.

ನಾನೂ ಸೇರಬಹುದಾ ಎಂದೆ. ಮೊದಲು ಬೆರಳು ಚುಚ್ಚಿ, ಸಹಿಯ ಜೊತೆ ರಕ್ತದ ಗುರುತು ಹಾಕಬೇಕಂತೆ. ಕಲಿತದ್ದನ್ನು ಮನೆಯವರಿಗೂ ತೋರಿಸುವುದಿಲ್ಲ, ಜೂಜಾಡುವುದಿಲ್ಲ ಅಂತ ಪ್ರಮಾಣ. "ಹಾಗಾದ್ರೆ ಈಗ ನೀವು ತೋರಿಸಿದ್ದು?" ಎಂದೆ. "ಅದೆಲ್ಲ ಎಂದೋ ಪುಸ್ತಕದಲ್ಲಿ ಅಚ್ಚಾಗಿದೆ" ಅಂದರು. ಬಸ್ಸು ಬಂತು.

ರಾತ್ರಿ, ನಾನೇ ತೆಗೆದಿದ್ದ ವಿಡಿಯೊವನ್ನು ಶಬ್ದ ಬಂದ್ ಮಾಡಿ ಮತ್ತೆ ಹಾಕಿದೆ. ಅವರು ಸೋಲುವ ಕಡೆ ನಿಂತಿದ್ದ ವರಸೆ ಅದು. ಎಷ್ಟು ಸಲ ಸತ್ತರು ಅಂತ ಎಣಿಸತೊಡಗಿದೆ. ನಾಲ್ಕಕ್ಕೆ ಲೆಕ್ಕ ತಪ್ಪಿತು.