ಒದ್ದೆ ನೋಟು

ಇವತ್ತು ಸಂತೆ ಡ್ಯೂಟಿ. ನಾನು ಹೋಮ್ ಗಾರ್ಡ್, ಗೊತ್ತಲ್ವಾ. ಖಾಕಿ ಇದೆ, ತಿಂಗಳ ಸಂಬಳ ಇಲ್ಲ. ಕರೆದ ದಿನಕ್ಕೆ ಭತ್ಯೆ.

ಮಧ್ಯಾಹ್ನ ಸಾಹೇಬ್ರು ಜೀಪಿನಿಂದ ಇಳಿಯದೆ ಹೇಳಿದರು, "ಆ ಸಾಲಲ್ಲಿ ಒಂದು ರೌಂಡ್ ಹೋಗಿ ಬಾ." ಸುಮ್ನೆ ರೌಂಡ್ ಅಂದುಕೊಂಡೆ.

ಸೊಪ್ಪು ಮಾರುವ ಅಜ್ಜಿ ನನ್ನ ಮುಖ ಕೂಡ ನೋಡಲಿಲ್ಲ. ಗೋಣಿಚೀಲದ ಕೆಳಗಿಂದ ಇಪ್ಪತ್ತರ ನೋಟು ತೆಗೆದು ಚಾಚಿದಳು. ಕೊತ್ತಂಬರಿಗೆ ನೀರು ಚಿಮುಕಿಸಿ ಚಿಮುಕಿಸಿ ಒದ್ದೆಯಾದ ಕೈ. ನೋಟೂ ಒದ್ದೆ.

ಬೇಡ ಅಂದೆ. ಆಗ ತಲೆ ಎತ್ತಿದಳು.

"ಯಾಕೆ ಮಗಾ, ರೇಟು ಜಾಸ್ತಿ ಆಯ್ತಾ?"

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ನಮ್ಮ ದಳದ ಧ್ಯೇಯವಾಕ್ಯ 'ನಿಷ್ಕಾಮ ಸೇವೆ'. ಪ್ರತಿ ಡಿಸೆಂಬರ್ 6ಕ್ಕೆ ಮೈಕಿನಲ್ಲಿ ಕೇಳುತ್ತೇವೆ. 1946ರಲ್ಲಿ ಮುಂಬೈಯಲ್ಲಿ ದಳ ಶುರುವಾದ ದಿನ ಅದು. ಚಪ್ಪಾಳೆ ಹೊಡೆಯೋರಲ್ಲಿ ನಾನೇ ಮುಂದೆ!

ಬರಿಗೈಲಿ ವಾಪಸ್ ಹೋದೆ. ಸಾಹೇಬ್ರು ಏನೂ ಅನ್ನಲಿಲ್ಲ. ಇನ್ನೊಬ್ಬನನ್ನು ಕಳಿಸಿದರು, ಅಷ್ಟೇ. ಸಂಜೆ ನೋಡಿದರೆ ಮುಂದಿನ ವಾರದ ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ಮನೆಗೆ ಎರಡು ಕಟ್ಟು ಕೊತ್ತಂಬರಿ ತಂದಿದ್ದೇನೆ. ಅಜ್ಜಿ ದುಡ್ಡು ಬೇಡ ಅಂತಲೇ ಇದ್ದಳು. ಖಾಕಿ ನೋಡಿ. ಗೋಣಿಚೀಲದ ಮೇಲೆ ಇಟ್ಟು ಬಂದೆ.